ಎರಡು ಮಂಚಗಳ ನಡುವಿನ ಗೇಣು

"ನಿಮಗೆ ಯಾವ ಮಂಚ ಬೇಕೋ ಅದನ್ನ ತಗೊಳ್ಳಿ..."

ಮದುವೆಯಾಗಿ ಕೋಣೆಯೊಳಗೆ ಕಾಲಿಟ್ಟ ಹೆಂಡತಿಗೆ ಹಿಲ್ಮಿ ಆಡಿದ ಮೊದಲ ಮಾತು ಇದು!

ರಾವಿಯಾ ತಲೆ ಎತ್ತಿ ನೋಡಿದಳು. ಇಕ್ಕಟ್ಟಾದ ಕೋಣೆ. ಮುಚ್ಚಿದ ಕಿಟಕಿ. ಒಬ್ಬರಷ್ಟೇ ಮಲಗಬಹುದಾದ ಎರಡು ಕಬ್ಬಿಣದ ಮಂಚಗಳು, ಅವುಗಳ ನಡುವೆ ಒಂದು ಗೇಣು ಜಾಗ. ಇದೇನು ಮದುಮಕ್ಕಳ ಕೋಣೆಯೋ, ಹಾಸ್ಟೆಲ್ಲೋ?

ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದುಹೋಗಿತ್ತು. ಬಾಗಿಲ ಪಕ್ಕದ ಮಂಚ ಹತ್ತಿರವಿತ್ತು. ಅದರ ಮೇಲೆ ಧೊಪ್ಪನೆ ಕೂತುಬಿಟ್ಟಳು.

ಹಿಲ್ಮಿಯ ಮುಖ ಬಿಳಿಚಿಕೊಂಡಿತು.

"ಓ... ಸರಿ. ನನಗೆ ಅರ್ಥ ಆಯ್ತು," ಎಂದ. "ನಾನು ಯಾವತ್ತೂ ಒತ್ತಾಯ ಮಾಡಲ್ಲ. ನೀವು ನಿಶ್ಚಿಂತೆಯಿಂದ ಇರಿ."

ಏನು ಅರ್ಥ ಆಯ್ತು? ಅವಳಿಗಂತೂ ಒಂದೂ ಅರ್ಥವಾಗಲಿಲ್ಲ! ಅವನು ಕಿಟಕಿ ಕಡೆಯ ಮಂಚಕ್ಕೆ ಹೋಗಿ, ಮದುವೆಯ ಅಂಗಿಯನ್ನೂ ಬಿಚ್ಚದೆ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಪಾಪ, ರಾವಿಯಾ ಈ ಮನೆಗೆ ಬರಬೇಕಾಗಿದ್ದೇ ಬೇರೆ ರೀತಿಯಲ್ಲಿ. ಹಿರಿಯ ಮಗ ಮುಖ್ತಾರನ ಜೊತೆ ಅವಳ ನಿಕಾಹ್ ಬರೆಸಿ ಆಗಿತ್ತು. ಮೆರವಣಿಗೆಯಲ್ಲಿ ಮನೆಗೆ ಕರೆತರುವುದಷ್ಟೇ ಬಾಕಿ. ಅಷ್ಟರಲ್ಲಿ ತಂತಾ ಪಟ್ಟಣದ ರಸ್ತೆಯಲ್ಲಿ ಅವನಿದ್ದ ವ್ಯಾನ್ ಉರುಳಿ, ಅವನು ತೀರಿಹೋದ. ವರ್ಷ ಕಳೆದ ಮೇಲೆ ಹಿರಿಯರು ಕೂತು ಮಾತಾಡಿ, ತಮ್ಮನಿಗೇ ಮದುವೆ ಮಾಡಿಸಿದರು. ಡೋಲಿಲ್ಲ, ಹಾಡಿಲ್ಲ. ಮಹಲ್ಲಾ ಊರಿನ ಹೆಂಗಸರೆಲ್ಲ ಒಂದೇ ಮಾತು ಆಡಿದರು: ಅತ್ತೆ ಹಜ್ಜಾ ತಫೀದಾಗೆ ಸೊಸೆ ಕೈತಪ್ಪಬಾರದಿತ್ತು, ಕಿರಿಮಗನ ಕೊರಳಿಗೆ ಕಟ್ಟಿದಳು!

ಆ ಮಾತು ರಾವಿಯಾಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. 'ಅಮ್ಮನ ಬಲವಂತಕ್ಕೆ ನನ್ನನ್ನು ಕಟ್ಟಿಕೊಂಡಿದ್ದಾನೆ. ನಾನು ಬೇಡದ ಹೆಂಡತಿ...'

ದಿನಗಳು ಉರುಳಿದವು. ಗೇಣು ಜಾಗ ಗೇಣಾಗಿಯೇ ಉಳಿಯಿತು.

ಅವಳ ಉಸಿರು ಕಟ್ಟಿಸುತ್ತಿದ್ದುದು ಅದೊಂದೇ ಅಲ್ಲ. ಮಗ ಹೋದ ದಿನ ಮುಚ್ಚಿದ ಕಿಟಕಿಯನ್ನು ಅತ್ತೆ ತೆರೆಯಲು ಬಿಡುತ್ತಿರಲಿಲ್ಲ, ಕೋಣೆಯ ಬಾಗಿಲನ್ನು ಮುಚ್ಚಲು ಬಿಡುತ್ತಿರಲಿಲ್ಲ!

"ಬಾಗಿಲು ಹಾಕಬೇಡ ಕಣೇ. ಹಾಕಿದ್ರೆ ನನಗೆ ಎದೆ ಹಿಡಿದಂಗಾಗತ್ತೆ."

ಹಾಗೆಂದು ನಡುಮನೆಯ ಸೋಫಾದಲ್ಲಿ, ಸರಿಯಾಗಿ ಕೋಣೆಯ ಎದುರಿಗೇ, ಕಾಲು ಮಡಿಸಿ ಕೂರುತ್ತಿದ್ದರು ಹಜ್ಜಾ ತಫೀದಾ. ಕೈಯಲ್ಲಿ ಜಪಮಣಿ, ಕಣ್ಣು ರಾವಿಯಾ ಮಲಗುವ ಮಂಚದ ಮೇಲೆ. ಮಗ್ಗುಲು ಬದಲಿಸಿದರೂ ಆ ಕಣ್ಣಿಗೆ ಕಾಣುತ್ತಿತ್ತು. ಅಳುವುದಕ್ಕೂ ಒಂದು ಮೂಲೆ ಬೇಡವೇ? ಅವಳು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಹೊರಗೆ ಬಂದರೆ ಮತ್ತೆ ಅತ್ತೆಯ ಮಾತು.

"ನೀರು ಅಷ್ಟೊಂದು ಸುರೀಬೇಡ. ಅಂದಹಾಗೆ, ಇನ್ನೂ ಏನೂ ವಿಶೇಷ ಇಲ್ವಾ? ಓಣಿಯೋರೆಲ್ಲ ಕೇಳ್ತಿದಾರೆ."

'ವಿಶೇಷವಂತೆ! ನಿಮ್ಮ ಮಗ ನನ್ನನ್ನು ಇನ್ನೂ ಬಹುವಚನದಲ್ಲೇ ಮಾತಾಡಿಸ್ತಾನೆ ಅತ್ತೆ!'

ಹಾಗಂತ ಹಿಲ್ಮಿ ಕೆಟ್ಟವನೇ? ಅದೇ ಅಲ್ಲವೇ ಸಂಕಟ! ಬಟ್ಟೆ ಗಿರಣಿಯ ಪಾಳಿ ಮುಗಿಸಿ, ತಲೆತುಂಬ ಹತ್ತಿಯ ಎಳೆ ಅಂಟಿಸಿಕೊಂಡು ಬರುವಾಗ, ಗಾಡಿಯವನ ಹತ್ತಿರ ಸುಟ್ಟ ಗೆಣಸು ತರುತ್ತಿದ್ದ. ಕಾಗದ ಬಿಚ್ಚಿ ಅವಳ ದಿಂಬಿನ ಪಕ್ಕ ಇಡುತ್ತಿದ್ದ. "ಬಿಸಿ ಇದೆ, ತಿನ್ನಿ." ಅಷ್ಟೇ. ಅವಳು ಕಣ್ಣೆತ್ತುವಷ್ಟರಲ್ಲಿ ಅವನು ಕಣ್ಣು ತಪ್ಪಿಸಿಯಾಗಿರುತ್ತಿತ್ತು.

ಒಂದು ಮಧ್ಯಾಹ್ನ ಅವನು ನಿದ್ದೆಹೋಗಿದ್ದ. ಅತ್ತೆ ಮಾರುಕಟ್ಟೆಗೆ ಹೋಗಿದ್ದರು. ಅವನ ಹುಬ್ಬಿನ ಮೇಲೆ ಹತ್ತಿಯ ಒಂದು ಎಳೆ. ರಾವಿಯಾಗೆ ತಡೆಯಲಾಗಲಿಲ್ಲ. ಗೇಣು ಜಾಗ ದಾಟಿ ಕೈ ಚಾಚಿ, ಬೆರಳ ತುದಿಯಿಂದ ಮೆಲ್ಲಗೆ ತೆಗೆದಳು...

ಹಿಲ್ಮಿ ಬೆಚ್ಚಿ ಎದ್ದು ಕೂತ!

"ಬೇಡ ರಾವಿಯಾ! ನನ್ನ ಮೇಲೆ ಕರುಣೆ ತೋರಿಸಬೇಡಿ... ಅದೊಂದನ್ನ ತಡ್ಕೊಳ್ಳೋಕೆ ಆಗಲ್ಲ."

ಚಪ್ಪಲಿ ಮೆಟ್ಟಿ ಹೊರಟೇಹೋದ. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಮುಟ್ಟಿದರೆ ಇಷ್ಟು ಅಸಹ್ಯವೇ ಇವನಿಗೆ? ಸಾಕು. ಇನ್ನು ಸಾಕು!

ಅಂದೇ ಅಪ್ಪನಿಗೆ ಫೋನ್ ಮಾಡಿದಳು. "ಗುರುವಾರ ಬಂದು ನನ್ನನ್ನ ಕರ್ಕೊಂಡು ಹೋಗು ಅಪ್ಪ. ಯಾಕೆ ಅಂತ ಕೇಳಬೇಡ." ತವರಿನಲ್ಲಿ ಮಲತಾಯಿ ಇದ್ದಾಳೆ, ಅಲ್ಲೂ ಹೂವಿನ ಹಾಸಿಗೆಯೇನಿಲ್ಲ. ಒಮ್ಮೆ ಹೋದರೆ ಮತ್ತೆ ಈ ಮನೆಯ ಮೆಟ್ಟಿಲು ಹತ್ತುವಂತಿಲ್ಲ, ಅದೂ ಗೊತ್ತು. ಆದರೂ ಬಟ್ಟೆ ತುಂಬಿ, ಬೀಗ ಕೆಟ್ಟ ಸೂಟ್‌ಕೇಸಿಗೆ ನೈಲಾನ್ ಹಗ್ಗ ಬಿಗಿದು, ಮಂಚದ ಕೆಳಗೆ ನೂಕಿದಳು.

ಗುರುವಾರ ಬೆಳಗಾಯಿತು. ಓಣಿಯಲ್ಲಿ ಹತ್ತಿ ಎಕ್ಕುವ ಪಿಂಜಾರನ ಕೂಗು ಕೇಳಿಸಿತು.

"ಚಳಿ ಹತ್ತಿರ ಬಂತು. ಹೋದ ವರ್ಷ ಸೂತಕ ಅಂತ ಬಿಟ್ಟೆ. ಈ ಸಲ ಗಾದಿ ಎಕ್ಕಿಸಲೇಬೇಕು, ಹಿಡ್ಕೊ," ಎಂದರು ಅತ್ತೆ. ಎರಡೂ ಗಾದಿಗಳು ತಾರಸಿಗೆ ಹೋದವು.

ಮುದುಕ ಪಿಂಜಾರ ಉಸ್ತಾ ಖಮೀಸ್ ಹೊಲಿಗೆ ಬಿಚ್ಚಿ ಹತ್ತಿ ಸುರಿದ. ಎರಡು ಗುಡ್ಡೆ. ಬಿಲ್ಲಿನ ಹೆದೆಯನ್ನು ಮೀಟಿದಂತೆಲ್ಲ ಗಟ್ಟಿಯಾಗಿದ್ದ ಹತ್ತಿ ಅರಳಿ ಮೇಲೇಳತೊಡಗಿತು. ಅವನ ಬಾಯಿಯೂ ಸುಮ್ಮನಿರುವುದಲ್ಲ.

"ಏನು ಹಜ್ಜಾ, ಮನೇಲಿ ಹೊಸ ಜೋಡಿ ಇಟ್ಕೊಂಡು ಇಷ್ಟಿಷ್ಟೇ ಗಾದಿ ಹಾಕಿದೀರಾ? ಇದರಲ್ಲಿ ನನ್ನ ಕತ್ತೇನೂ ಕಾಲು ಚಾಚಲ್ಲ! ಎರಡೂ ಸೇರಿಸಿ ಒಂದು ದೊಡ್ಡದು ಹೊಲಿದುಕೊಡ್ಲಾ? ಮಂಚ ಎರಡೂ ಕೂಡಿಸಿ ಕಾಲು ಕಟ್ಟಿದ್ರೆ ಆಯ್ತು, ಪಾಶಾ ದೊರೆಯ ಮಂಚ!"

"ಮುಟ್ಟಬೇಡ!" ಹಜ್ಜಾ ತಫೀದಾ ಚೀರಿದರು. "ಅದು ನನ್ನ ಮುಖ್ತಾರನ ಹತ್ತಿ. ಚಿಕ್ಕಂದಿನಿಂದ ಅವನು ಮಲಗಿದ ಗಾದಿ. ಅದು ಬೇರೆ, ಇದು ಬೇರೆ!"

ಹತ್ತಿ ಬಿಡಿಸುತ್ತಿದ್ದ ರಾವಿಯಾ ತಿರುಗಿ ನೋಡಿದಳು.

"ಯಾವುದು ಅತ್ತೆ?... ಬಾಗಿಲ ಪಕ್ಕದ್ದಾ? ನಾನು ಮಲಗೋದಾ?"

"ಏನೂ ಗೊತ್ತಿಲ್ಲದವಳ ಹಾಗೆ ಕೇಳ್ತೀಯಲ್ಲ! ಬಂದ ದಿನಾನೇ ಅವನ ಮಂಚ ನೋಡಿ ಕೂತವಳು ನೀನಲ್ವಾ? ನನ್ನ ಮಗನನ್ನ ಮರೀದೇ ಇರೋಳು ಇವಳೊಬ್ಬಳಾದ್ರೂ ಇದಾಳೆ ಅಂತ ಅವತ್ತೇ ನನ್ನ ಹೊಟ್ಟೆ ತಣ್ಣಗಾಯ್ತು."

ದೇವರೇ!

ಬಿಳಿಚಿಕೊಂಡ ಆ ಮುಖ... 'ನನಗೆ ಅರ್ಥ ಆಯ್ತು'... 'ಕರುಣೆ ತೋರಿಸಬೇಡಿ'... ಎಲ್ಲವೂ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು. ಇಷ್ಟು ತಿಂಗಳು ಅವನು ತನ್ನನ್ನು ಅತ್ತಿಗೆಯಂತೆ ಕಂಡಿದ್ದ!

ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಪಾಳಿ ಮುಗಿಸಿದ ಹಿಲ್ಮಿ, ಬಿಸಿ ರೊಟ್ಟಿಯ ಕಟ್ಟು ಹಿಡಿದು ತಾರಸಿಗೆ ಬಂದ.

"ಹಿಲ್ಮಿ! ಅವತ್ತು ನನ್ನ ಕಾಲು ನೋಯ್ತಿತ್ತು!"

"ಏನು?"

"ಕಾಲು! ಚಪ್ಪಲಿ ಕಚ್ಚಿತ್ತು! ಯಾವುದು ಹತ್ತಿರ ಇತ್ತೋ ಅದರ ಮೇಲೆ ಕೂತೆ, ಅಷ್ಟೇ! ಅದು ಯಾರ ಮಂಚ ಅಂತ ನನಗೆ ಯಾರು ಹೇಳಿದ್ರು? ನೀವು ಹೇಳಿದ್ರಾ?"

ರೊಟ್ಟಿಯ ಕಟ್ಟು ಅವನ ಕೈಯಿಂದ ಜಾರಿತು.

"ಆದ್ರೆ... ಅಣ್ಣ ಹೋದಾಗ ನೀವು ಅಷ್ಟೊಂದು ಅತ್ರಿ..."

"ಭಯಕ್ಕೆ! ಎಲ್ಲರೂ ನನ್ನನ್ನ ಅಪಶಕುನ ಅಂತ ನೋಡ್ತಿದ್ರು. ಪಾಪ, ಒಳ್ಳೆಯವರೇ ಇರಬೇಕು ಅವರು. ಆದ್ರೆ ನಾಲ್ಕು ಮಾತೂ ಆಡಿರಲಿಲ್ಲ ನಾನು ಅವರ ಹತ್ರ. ನನಗೆ ಗೊತ್ತಿರೋ ಗಂಡಸು ನೀವೊಬ್ಬರೇ. ಗೆಣಸು ತಂದಿಟ್ಟು ಮುಖ ತಿರುಗಿಸೋರು! ಅಮ್ಮನ ಬಲವಂತಕ್ಕೆ ಕಟ್ಕೊಂಡ್ರಿ, ಸರಿ. ಆದ್ರೆ ನಾನು..."

ಅವಳು ಬಾಗಿ, ಬಿದ್ದ ರೊಟ್ಟಿಯ ಕಟ್ಟನ್ನು ಎತ್ತಿ ಪಕ್ಕಕ್ಕಿಟ್ಟಳು.

"ಅಮ್ಮ ಬಲವಂತ ಮಾಡಲೇ ಇಲ್ಲ," ಎಂದ ಹಿಲ್ಮಿ. "ನಿಮ್ಮಪ್ಪನ ಹತ್ರ ನಾನೇ ಹೋಗಿದ್ದೆ. ಅಣ್ಣನ ನಿಶ್ಚಿತಾರ್ಥದ ದಿನ ಶರಬತ್ತಿನ ತಟ್ಟೆ ಹಿಡ್ಕೊಂಡು ಬಂದೆನಲ್ಲ, ಲೋಟ ತಗೊಂಡು ನೀವು ನಕ್ರಿ. ಆ ನಗು ನನ್ನನ್ನ ಬಿಡಲೇ ಇಲ್ಲ ರಾವಿಯಾ. ಅಣ್ಣನಿಗೆ ಸೇರಿದೋಳು ಅಂತ ಗೊತ್ತಿದ್ರೂ... ಆಮೇಲೆ ಅವನು ಸತ್ತ. ನಾನು ಮನಸ್ಸಲ್ಲಿ ಬಯಸಿದ್ದಕ್ಕೇ ಸತ್ತ ಅನ್ನಿಸಿಬಿಡ್ತು. ನೀವು ಅವನ ಮಂಚದ ಮೇಲೆ ಕೂತಾಗ, ಇದೇ ನನಗೆ ಶಿಕ್ಷೆ ಅಂದ್ಕೊಂಡೆ."

ಉಸ್ತಾ ಖಮೀಸ್ ಬಿಲ್ಲು ಕೆಳಗಿಟ್ಟು ಪಾರಿವಾಳ ನೋಡುತ್ತ ಕೂತ.

ರಾವಿಯಾ ಕಣ್ಣೊರೆಸಿಕೊಂಡಳು. ಬಾಗಿ, ಹಿಲ್ಮಿಯ ಗುಡ್ಡೆಯಿಂದ ಎರಡು ತೋಳು ತುಂಬ ಹತ್ತಿ ಎತ್ತಿಕೊಂಡು ಅತ್ತೆಯ ಎದುರು ನಿಂತಳು.

"ಅತ್ತೆ, ಇವತ್ತು ಮಧ್ಯಾಹ್ನ ಅಪ್ಪ ಬರ್ತಾರೆ. ಊಟಕ್ಕಲ್ಲ, ನನ್ನನ್ನ ಕರ್ಕೊಂಡು ಹೋಗೋಕೆ. ನಿಮ್ಮ ಮಗನ ಹತ್ತಿಗೆ ಇದನ್ನ ಸೇರಿಸ್ಲಾ? ನೀವು ಬೇಡ ಅಂದ್ರೆ ಸೇರಿಸಲ್ಲ. ಆದ್ರೆ ಆ ಮಂಚದ ಮೇಲೆ ಇನ್ನು ನಾನು ಮಲಗಲ್ಲ. ಇಲ್ಲಿ ಉಸಿರಾಡೋಕಾಗ್ತಿಲ್ಲ ಅತ್ತೆ ನನಗೆ!"

ಹಜ್ಜಾ ತಫೀದಾ ಉಸ್ತಾನ ಕಡೆ ತಿರುಗಿದರು. "ಸೇರಿಸಿದ್ರೆ... ಮತ್ತೆ ಬೇರೆ ಮಾಡಬಹುದಾ?"

"ಇಲ್ಲ ಹಜ್ಜಾ," ಮುದುಕ ಮೆತ್ತಗೆ ಹೇಳಿದ. "ಒಂದು ಸಲ ಎಕ್ಕಿದ್ರೆ ಯಾರದು ಯಾವುದು ಅಂತ ನಮ್ಮಪ್ಪನಿಗೂ ಗೊತ್ತಾಗಲ್ಲ."

ಆ ತಾಯಿ ಮುಖ್ತಾರನ ಹತ್ತಿಯ ಮುಂದೆ ಕುಸಿದು ಕೂತರು. ಒಂದು ಹಿಡಿ ಎತ್ತಿ ಮೂಸಿದರು. ಬಹಳ ಹೊತ್ತು ಮುಖಕ್ಕೆ ಒತ್ತಿಕೊಂಡಿದ್ದರು. ಆಮೇಲೆ ಮಗನ ಕಡೆ ನೋಡಿದರು.

"ನೀನು ಬಯಸಿದ್ದಕ್ಕೆ ವ್ಯಾನ್ ಉರುಳತ್ತೇನೋ, ಹುಚ್ಚ? ಇಷ್ಟು ದಿನ ಇದನ್ನ ಹೊಟ್ಟೇಲಿಟ್ಕೊಂಡು ಓಡಾಡ್ತಿದ್ಯಾ? ಸತ್ತವನ ಮಂಚ ಕಾಯ್ತಾ ಕೂತು ಬದುಕಿರೋ ಮಗನ ಮುಖಾನೇ ನೋಡಲಿಲ್ಲವಲ್ಲ ನಾನು..."

ಆ ಹಿಡಿ ಹತ್ತಿಯನ್ನು ರಾವಿಯಾಳ ತೋಳಲ್ಲಿದ್ದ ಹತ್ತಿಯ ಮೇಲಿಟ್ಟರು. "ಹಾಕು ಮಗಳೇ. ಎಲ್ಲ ಒಂದೇ ಕಡೆ ಹಾಕು."

ಮಧ್ಯಾಹ್ನದ ಹೊತ್ತಿಗೆ ಎರಡೂ ಗಾದಿಯ ಗವಸು ಸೇರಿಸಿ ಹೊಲಿದ ದೊಡ್ಡ ಗಾದಿ ಸಿದ್ಧವಾಯಿತು. ಕೋಣೆಯಲ್ಲಿ ಹಿಲ್ಮಿ ಮಂಚಗಳನ್ನು ಎಳೆದು ಕೂಡಿಸಿದ. ಗೇಣು ಜಾಗ ಮಾಯವಾಯಿತು!

"ಕಾಲು ಕಟ್ಟೋಕೆ ಹಗ್ಗ ಬೇಕಲ್ಲ..."

ರಾವಿಯಾ ತುಟಿ ಕಚ್ಚಿಕೊಂಡು, ಮಂಚದ ಕೆಳಗಿನ ಸೂಟ್‌ಕೇಸ್ ಎಳೆದಳು. ಹಗ್ಗ ನೋಡಿ ಅವನು ಅಲ್ಲೇ ನೆಲದ ಮೇಲೆ ಕೂತ.

"ಕಟ್ಟಿಯೇ ಇಟ್ಟಿದ್ದೆಯಾ?"

"ಹೂಂ. ಗಂಟು ಬಿಗಿಯಾಗಿಬಿಟ್ಟಿದೆ. ನನ್ನೊಬ್ಬಳ ಕೈಲಿ ಬಿಚ್ಚೋಕಾಗಲ್ಲ."

ಇಬ್ಬರೂ ಸೇರಿ ಬಿಚ್ಚಿದರು. ಬೆರಳಿಗೆ ಬೆರಳು ತಾಗಿತು. ಈ ಸಲ ಯಾರೂ ಬೆಚ್ಚಲಿಲ್ಲ. ಅದೇ ಹಗ್ಗದಿಂದ ಹಿಲ್ಮಿ ಎರಡೂ ಮಂಚದ ಕಾಲುಗಳನ್ನು ಬಿಗಿದ. ಗಾದಿ ಹಾಸಿ, ಹೋಗಿ ಕಿಟಕಿ ತೆರೆದ. ಓಣಿಯ ಗಾಳಿ ಒಳಗೆ ಬಂತು.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ನಿಂತರು. ದೊಡ್ಡ ಹಾಸಿಗೆಯನ್ನು ಒಮ್ಮೆ ನೋಡಿದರು. ಕಣ್ಣು ತುಂಬಿತ್ತು.

"ನಿಮ್ಮಪ್ಪನಿಗೆ ಬಾತುಕೋಳಿ ಬೇಯೋಕಿಟ್ಟಿದೀನಿ. ಊಟಕ್ಕೇ ಬರಲಿ ಅವರು. ಬೇಯೋಕೆ ಇನ್ನೂ ಹೊತ್ತಿದೆ... ಹಿಲ್ಮಿ ನಿದ್ದೆಗೆಟ್ಟಿದಾನೆ, ಸುಧಾರಿಸಿಕೊಳ್ಳಲಿ."

ಅಷ್ಟು ಹೇಳಿ, ತಮ್ಮ ಕೈಯಿಂದಲೇ ಬಾಗಿಲು ಎಳೆದು ಹಾಕಿದರು.

ಮದುವೆಯಾದ ಮೇಲೆ ಮೊದಲ ಸಲ ಆ ಬಾಗಿಲು ಮುಚ್ಚಿತ್ತು. ಆದರೆ ರಾವಿಯಾಗೆ ಈಗ ಎದೆ ತುಂಬ ಉಸಿರಾಡಬಹುದಾಗಿತ್ತು!

ಹಿಲ್ಮಿ ಕಿಟಕಿ ಕಡೆಯ ಅಂಚಿನಲ್ಲಿ ಕೂತು, ನಾಚುತ್ತಲೇ ಕೇಳಿದ.

"ನಿನಗೆ ಯಾವ ಕಡೆ ಬೇಕೋ... ತಗೋ."

ಬಾಗಿಲ ಕಡೆಯ ಅಂಚು ಅವಳಿಗೆ ಹತ್ತಿರವಿತ್ತು. ಅವಳು ಅದನ್ನು ಬಿಟ್ಟು, ಮಂಚದ ಸುತ್ತ ನಡೆದು, ಅವನ ಪಕ್ಕಕ್ಕೇ ಬಂದು ಕೂತಳು.

"ಇದು ನನ್ನ ಕಡೆ," ಎಂದ ಹಿಲ್ಮಿ, ನಗುತ್ತ.

ಅವನ ಹುಬ್ಬಿನ ಮೇಲಿದ್ದ ಹತ್ತಿಯ ಎಳೆಯನ್ನು ಅವಳು ಮೆಲ್ಲಗೆ ತೆಗೆದಳು.

"ಗೊತ್ತು. ಈ ಸಲ ಗೊತ್ತಿದ್ದೇ ಕೂತಿದ್ದೀನಿ."