ಕೈಗೆ ಬಗ್ಗದ ಪಿಸ್ತೂಲು

ಮಾರ್ಚ್ ನಾಲ್ಕರ ಬೆಳಿಗ್ಗೆ, ಕ್ಯಾಲಿಫೋರ್ನಿಯಾದ ಪೆರಾಲ್ಟಾ ಠಾಣೆಗೆ ವೆರ್ನಾ ಸ್ಟಾಕ್‌ಡೇಲ್ ಎಂಬ ಎಪ್ಪತ್ತನಾಲ್ಕರ ಒಂಟಿ ಹೆಂಗಸು ಬಂದಳು. ಅವಳ ದಿಂಬಿನ ಕೆಳಗಿದ್ದ ರಿವಾಲ್ವರ್ ಕಳುವಾಗಿತ್ತು.

"ಅವನು ಮತ್ತೆ ಬರ್ತಾನೆ ಕಣಮ್ಮಾ. ನನ್ನ ಕೈ ಬರಿದು ಅಂತ ಅವನಿಗೆ ಗೊತ್ತು."

"ಯಾರು?" ಇನ್‌ಸ್ಪೆಕ್ಟರ್ ನಡೀನ್ ಒಚೋವಾ ಕೇಳಿದಳು.

"ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ!"

ಎಫ್‌ಐಆರ್ ದಾಖಲಾಯಿತು. ಪಂಚನಾಮೆಯಲ್ಲಿ ಬರೆಯಲು ಹೆಚ್ಚೇನಿರಲಿಲ್ಲ: ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ, ಮಂಚದ ಪಕ್ಕದ ಚಿನ್ನದ ಗಡಿಯಾರ ಇದ್ದಲ್ಲೇ ಇದೆ. ರಿವಾಲ್ವರ್ ಒಂದನ್ನೇ ಒಯ್ದವನಿಗೆ ಬೇಕಾದದ್ದು ಮುದುಕಿಯ ಜೀವವೇ ಇರಬೇಕು.

ವೆರ್ನಾ ಮರುದಿನವೇ ಹೊಸದನ್ನು ಆರಿಸಿ ಬಂದಿದ್ದಳು. ಆದರೆ ಹತ್ತು ದಿನ ಕಾಯದೆ ಅದನ್ನು ಕೊಡುವಂತಿಲ್ಲ, ಅದು ಕಾನೂನು.

"ಅಷ್ಟರಲ್ಲಿ ಕಳ್ಳ ಬಂದು ಊಟಾನೂ ಮಾಡ್ಕೊಂಡು ಹೋಗ್ತಾನೆ," ಎಂದ ಕಾನ್‌ಸ್ಟೇಬಲ್ ಟಲ್ಲಿ.

"ಬಾಯ್ಮುಚ್ಚಿ ಗಾಡಿ ತೆಗಿ."

ಬಂದೂಕಿನಂಗಡಿಯ ಪ್ರೂಯಿಟ್ ತಲೆ ಕೆರೆದುಕೊಂಡ. "ಅವಳ ಹಳೇ ಮಾದರಿ ರಾಜ್ಯದ ಪಟ್ಟಿಯಲ್ಲೇ ಇಲ್ಲ, ಮಾರೋ ಹಾಗಿಲ್ಲ. ಪಟ್ಟಿಯಲ್ಲಿರೋ ಹಗುರದ ರಿವಾಲ್ವರ್ ತೋರಿಸ್ದೆ. ಜೊತೆಗೆ ಬಂದೋನು ಬೇಡ ಅಂದ."

"ಯಾರವನು?"

"ಪಕ್ಕದ ಮನೆ ಎಪಿಫಾನಿಯೋ. ಗುಂಡು ತುಂಬೋಕೆ ಮೇಲಿನ ಭಾಗ ಹಿಂದಕ್ಕೆ ಎಳೀಬೇಕಲ್ಲ, ಇದ್ದಬದ್ದ ಪಿಸ್ತೂಲನ್ನೆಲ್ಲ ಹಾಗೆ ಎಳೆದು ನೋಡಿ ಎಲ್ಲಕ್ಕಿಂತ ಬಿಗಿಯಾದ್ದನ್ನೇ ಆರಿಸಿದ. ಅವಳ ಸಂಧಿವಾತದ ಬೆರಳಿಗೆ ಅದು ಜಗ್ಗಲೇ ಇಲ್ಲ."

"ನೀನು ಹೇಳ್ಲಿಲ್ವಾ?"

"ಹೇಳ್ದೆ ತಾಯಿ! ಒಯ್ಯೋ ದಿನ ನನ್ನೆದುರು ತುಂಬಿ, ಖಾಲಿ ಮಾಡಿ ತೋರಿಸ್ಬೇಕು, ಆಗದಿದ್ರೆ ಕೊಡೋ ಹಾಗಿಲ್ಲ. ಬೇರೆ ಆರಿಸಿದ್ರೆ ಮತ್ತೆ ಹತ್ತು ದಿನ ಅಂದೆ. 'ಇದೇ ಇರ್ಲಿ' ಅಂದ."

ನಡೀನ್ ವೆರ್ನಾಳಿಗೆ ಫೋನ್ ಮಾಡಿದಳು. "ನಿಮ್ಮನೆ ಇನ್ನೊಂದು ಕೀಲಿ ಯಾರ ಹತ್ರ ಇದೆ?"

"ಎಪಿಫಾನಿಯೋ ಹತ್ರ. ಪಾಪ, ಹಾಲು ಬ್ರೆಡ್ಡು ತಂದಿಡೋನು ಅವನೇ. ಯಾಕಮ್ಮಾ?"

"ಬಾಗಿಲು ಹಾಕ್ಕೊಳ್ಳಿ. ಯಾರಿಗೂ ತೆಗೀಬೇಡಿ."

ವೆರ್ನಾಳದೂ ಎಪಿಫಾನಿಯೋನದೂ ಜೋಡಿಮನೆ, ನಡುವೆ ಒಂದೇ ಗೋಡೆ. ಎಪಿಫಾನಿಯೋ ಬರ್ರೇರಾ ಕೈಯಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡೇ ಬಾಗಿಲು ತೆರೆದ. ಪೊಲೀಸರನ್ನು ಕಂಡು ಮುಖ ಬಿಳಿಚಿತು.

"ಅವಳನ್ನ ಯಾವಾಗ ಮುಗಿಸ್ಬೇಕು ಅಂತಿದ್ದೆ?"

"ನಾನಾ? ದೇವರೇ! ಬನ್ನಿ, ನೋಡಿ."

ಒಳಕೋಣೆಯಲ್ಲಿ ಅವನ ಮೊಮ್ಮಗಳು ಮಾರಿಬೆಲ್‌ಳ ಪುಟ್ಟ ಮಂಚ. ದಿಂಬಿನಿಂದ ಗೇಣು ಮೇಲೆ, ಗೋಡೆಯ ತೂತಿಗೆ ಸೋಪು ಮೆತ್ತಿತ್ತು.

"ಹೋದ ತಿಂಗಳು ಬೆಕ್ಕು ಕಸದ ಡಬ್ಬಿ ಉರುಳಿಸ್ತು. ಕಳ್ಳ ಅಂತ ಅವಳು ಗುಂಡು ಹಾರಿಸಿಬಿಟ್ಲು, ಅದು ಗೋಡೆ ತೂರಿ ಇಲ್ಲಿಗೆ ಬಂತು. ಕೂಸು ಆಗಷ್ಟೇ ನೀರು ಕುಡಿಯೋಕೆ ಎದ್ದು ಹೋಗಿತ್ತು."

"ಅವಳಿಗೆ ಹೇಳಿದ್ಯಾ?"

"ಹೇಳ್ದೆ. ನಿಂಗೆ ಭ್ರಮೆ ಅಂದ್ಲು. ಮಂಚ ಸರಿಸೋಣ ಅಂದ್ರೆ ಜಾಗ ಎಲ್ಲಿದೆ?"

"ನಮಗೆ ಹೇಳ್ಬೇಕಿತ್ತು."

"ಕಾಗದಪತ್ರ ಇಲ್ಲದೆ ಈ ದೇಶದಲ್ಲಿರೋನು ಯಾವ ಬಾಯಲ್ಲಿ ಹೇಳ್ಲಿ, ಅಮ್ಮಾ?"

ಹಿಟ್ಟಿನ ಡಬ್ಬಿಯಿಂದ ರಿವಾಲ್ವರ್ ಸಿಕ್ಕಿತು. ಕಳವು ಕಳವೇ. ಕೂಸಿನ ತಾಯಿ, ಅವನ ಮಗಳು, ಕೆಲಸದಿಂದ ಓಡಿಬಂದು ಅದನ್ನು ಎತ್ತಿಕೊಂಡ ಮೇಲೆ, ಸಂಜೆ ಅವನಿಗೆ ಬೇಡಿ ಬಿತ್ತು. ದೇಶದಿಂದ ಹೊರಗೆ ಕಳಿಸುತ್ತಾರೆಂಬುದು ಅವನಿಗೂ ಗೊತ್ತಿತ್ತು. ಆ ಮಾತು ಅವನು ಎತ್ತಲಿಲ್ಲ.

"ಹೊಸ ಪಿಸ್ತೂಲು ಅವಳಿಗೆ ಸಿಗುತ್ತಾ?" ಎಂದಷ್ಟೇ ಕೇಳಿದ.

ನಡೀನ್ ಗಾಡಿಯಿಂದಲೇ ನ್ಯಾಯಾಧೀಶರಿಗೆ ಫೋನ್ ಮಾಡಿ, ಗೋಡೆಯ ತೂತಿನ ವಿಷಯ ಹೇಳಿ, ವೆರ್ನಾಳಿಗೆ ಹಳೆಯದನ್ನು ಹಿಂದಿರುಗಿಸದಂತೆ, ಹೊಸದನ್ನು ಮಾರದಂತೆ ತುರ್ತು ಆದೇಶ ಪಡೆದಳು. "ಇಲ್ಲ. ಸಿಗೋದಿಲ್ಲ," ಎಂದಳು.

ಪಕ್ಕದ ಮನೆಯಲ್ಲಿ ವೆರ್ನಾ ಬಾಗಿಲಿಗೆ ಕುರ್ಚಿ ಅಡ್ಡ ಎಳೆಯುವ ಸದ್ದು ಕೇಳಿಸಿತು. ಗಾಡಿ ಬೀದಿಯ ತಿರುವು ದಾಟುವಷ್ಟರಲ್ಲಿ ಎಪಿಫಾನಿಯೋ ಬೇಡಿ ಹಾಕಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆಹೋಗಿದ್ದ.