ಬಿಚ್ಚಬಾರದಿದ್ದ ಕಪ್ಲರ್

“ಉಳಿದ ವೈರೆಲ್ಲಾ ಕಿತ್ತ ಹಾಕು ಬೇಟಾ. ಸ್ಟೇರಿಂಗ್ ಕೆಳಗ ಕರಿ ದಾರಾ ಸುತ್ತಿದ್ದ ಕಪ್ಲರ್ ಒಂದ ಮುಟ್ಟಬ್ಯಾಡ,” ಎಂದಳು ಮುದುಕಿ ರಹಿಮತಬಿ.

ದಾಂಡೇಲಿಯ ಸುಭಾನಿಯ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ನಿಂತಿದ್ದ ಆ ಹಳೆಯ ಅಂಬಾಸಿಡರ್ ಮುದುಕಿಯ ತೀರಿಹೋದ ಗಂಡನದು. ಸುಭಾನಿ ಅದನ್ನು ಕೊಂಡುಕೊಂಡು, ಮತ್ತೆ ರಸ್ತೆಗಿಳಿಸಲೆಂದು ಹುಬ್ಬಳ್ಳಿಯಿಂದ ವೈರಿಂಗ್ ಕೆಲಸದ ಅಫ್ತಾಬನನ್ನು ಕರೆಸಿದ್ದ. ಹೊಸದಾಗಿ ಮದುವೆಯಾಗಿದ್ದ ಅಫ್ತಾಬ ಹೆಂಡತಿ ಮಹೆಜಬೀನಳನ್ನೂ ಕರೆತಂದು ಹತ್ತಿರದಲ್ಲೇ ಒಂದು ಖೋಲಿ ಹಿಡಿದಿದ್ದ.

“ಮುಟ್ಟಿದ್ರ ಏನಾಗ್ತೈತಿ ಖಾಲಾ?”

“ನಮ್ಮಿಬ್ಬರನ್ನ ಅಗಲಸಾಕ ಯಾರೋ ಮಾಟಾ ಮಾಡಿಸಿದ್ರು. ಒಂದಿನ ನಮ್ಮವರು ಈ ಗಾಡಿಯಿಂದ ಇಳದು ನನ್ನ ಮುಖಾ ನೋಡಿ, ನೀ ಯಾರು ಅಂದ್ರು. ಜೋಯಿಡಾ ಕಡಿಯಿಂದ ಬಂದ ಮಂತ್ರವಾದಿ ಒಬ್ಬ ಅದನ್ನ ಹಿಡದು ಆ ಕಪ್ಲರಿನ್ಯಾಗ ಕಟ್ಟಿಟ್ಟ. ಆಮ್ಯಾಲ ಅವರಿಗೆ ನನ್ನ ಗುರ್ತ ಹತ್ತಿತು.”

ಅಫ್ತಾಬ ನಕ್ಕುಬಿಟ್ಟ. “ಅದು ಮಾಟಾ ಅಲ್ಲ ಖಾಲಾ, ತುಕ್ಕು.”

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ಮಧ್ಯಾಹ್ನ ಮೋಡ ಕವಿದು ಶೆಡ್ಡಿನೊಳಗೆ ಕತ್ತಲೆ ತುಂಬಿಕೊಂಡಿತು. ಅಫ್ತಾಬ ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ. ಹಳೆಯ ಆಯಿಲ್ಲು, ಕೊಳೆತ ಸೀಟು, ಇಲಿಯ ಹಿಕ್ಕೆಯ ನಾತ. ಎರಡು ವೈರುಗಳನ್ನು ಕೂಡಿಸುವ ಆ ಕಪ್ಲರಿನ ರಬ್ಬರು ಕಲ್ಲಾಗಿತ್ತು. ಬ್ಲೇಡಿನಿಂದ ದಾರ ಕತ್ತರಿಸಿದ; ದಾರದೊಳಗೆ ಉದ್ದನೆಯ ಕೂದಲು ಸುತ್ತಿತ್ತು. ಅದನ್ನು ಉಗುರಿನಿಂದ ಕಿತ್ತೆಸೆದ. ಬಿಸಿಗಾಳಿಯ ಯಂತ್ರ ಹಿಡಿದು ರಬ್ಬರನ್ನು ಮೆತ್ತಗೆ ಮಾಡಿದ, ಎಣ್ಣೆ ಬಿಟ್ಟ, ವೈರಿಗೆ ಜಗ್ಗು ಬೀಳದಂತೆ ಎರಡೂ ತುದಿಗಳನ್ನು ಹಿಡಿದು ಅತ್ತಿತ್ತ ಅಲುಗಿಸಿದ.

ಕೀಲು ತಪ್ಪಿದ ಮೂಳೆಯಂತೆ ಸದ್ದು ಮಾಡಿ ಕಪ್ಲರ್ ಎರಡಾಯಿತು.

ಕೂದಲು ಸುಟ್ಟ ವಾಸನೆ ಗಪ್ಪನೆ ಬಡಿಯಿತು. ಮೀಟರಿನ ದೀಪ ಹತ್ತಿತು. ಕಾರಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಹಿಂದಿನ ಸೀಟಿನ ಸ್ಪ್ರಿಂಗು ಕಿರುಗುಟ್ಟಿತು, ಭಾರವಾದದ್ದೇನೋ ಎದ್ದು ಇಳಿದುಹೋದಂತೆ.

ತೆವಳಿ ಹೊರಗೆ ಬಂದ ಅಫ್ತಾಬನಿಗೆ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದ ಮಹೆಜಬೀನ ಕಂಡಳು. ಜೀವ ಬಂದಂತಾಯಿತು. ಅವಳು ಮಾತ್ರ ಅವನನ್ನು ಕಂಡದ್ದೇ ದುಪಟ್ಟಾ ಹಣೆಯವರೆಗೆ ಎಳೆದುಕೊಂಡಳು.

“ಒಳಗ ನಮ್ಮವರು ಅದಾರೇನ್ರಿ?”

“ಮಹೆಜಬೀನ, ನಾನ ಅದೇನಿ.”

ಅವಳು ಹಿಂದೆ ಸರಿದಳು. “ನನ್ನ ಹೆಸರು ನಿಮಗ ಹೆಂಗ ಗೊತ್ತು? ನೀವು ಯಾರ್ರಿ?”

ಆ ಕಣ್ಣುಗಳಲ್ಲಿ ಹುಡುಗಾಟವಿರಲಿಲ್ಲ. ಪರಗಂಡಸಿನ ಭಯವಿತ್ತು.

ಅಫ್ತಾಬ ಓಡಿ ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿದ. ಕಪ್ಲರಿನ ಎರಡು ಹೋಳು ಸೇರಿಸಿದ. ಕೂಡಲಿಲ್ಲ. ಒತ್ತಿದ. ಹಿತ್ತಾಳೆಯ ಮೊನೆ ಪುಡಿಯಾಗಿ ಕಣ್ಣಿಗೆ ಬಿತ್ತು. ಹಲ್ಲಿನಿಂದ ವೈರು ಸುಲಿದ. ತುಟಿ ಹರಿಯಿತು. ತಂತಿಗೆ ತಂತಿ ಹೊಸೆದ. ಹೊಸೆದದ್ದು ಬಿಚ್ಚಿಕೊಂಡಿತು. ಮತ್ತೆ ಹೊಸೆದ. ತಣ್ಣನೆಯ ಬೆರಳುಗಳು ಅವನ ಮಣಿಕಟ್ಟು ಹಿಡಿದವು. ಬಿಡಿಸಿಕೊಳ್ಳಲಿಲ್ಲ. ಕೂದಲು ಹುಡುಕಿದ. ಸಿಕ್ಕಿತು. ಸುತ್ತಿದ. ದಾರದ ತುಂಡು ಸುತ್ತಿದ. ಅಲ್ಲಾಹನನ್ನು ನೆನೆದ. ಗಂಟು ಬಿಗಿದ.

ದೀಪ ಆರಿತು. ಮಣಿಕಟ್ಟಿನ ಹಿಡಿತ ಸಡಿಲಿ, ತಣ್ಣನೆಯ ಅಂಗೈಯೊಂದು ಅವನ ಹಣೆಯನ್ನು ನಿಧಾನವಾಗಿ ಸವರಿ ಹೋಯಿತು.

ಎಷ್ಟೋ ಹೊತ್ತು ಅವನು ಹಾಗೆಯೇ ಬಿದ್ದಿದ್ದ. ವಾಸನೆ ಹೋಗಿತ್ತು. ಕೊನೆಗೆ ಎದ್ದು ಹೊರಗೆ ಬಂದ.

“ಅಯ್ಯ, ಇಲ್ಲೇ ಅದೀರಿ?” ಡಬ್ಬಿ ಕೆಳಗಿಟ್ಟು ಹೆಂಗಸೊಬ್ಬಳು ಓಡಿಬಂದು ಅವನ ತೋಳು ಹಿಡಿದಳು. ಅಳುತ್ತಿದ್ದಳು. “ಇಲ್ಲಿ ಯಾರೋ ನಿಂತಿದ್ರು. ನನಗ ಭಾಳ ಅಂಜಿಕಿ ಬಂತ್ರಿ. ತುಟಿಗೆ ಏನಾತು?”

ಅಫ್ತಾಬ ಮೆಲ್ಲಗೆ ತೋಳು ಬಿಡಿಸಿಕೊಂಡು, ಅವಳ ಮುಖವನ್ನು ಒಮ್ಮೆ ದಿಟ್ಟಿಸಿ, ಮರ್ಯಾದೆಯಿಂದ ತಲೆ ತಗ್ಗಿಸಿದ.

“ಯಾರ್ ಬೇಕಾಗಿತ್ರಿ?” ಎಂದು ಕೇಳಿದ.