ಓಗೊಡದ ಮಕ್ಕಳ ಕೋಟೆ

ಬಹಳ ಹಿಂದೆ, ಬೆಟ್ಟಗಳಿಗಿನ್ನೂ ಹೆಸರಿಡದ ಕಾಲದಲ್ಲಿ, ಶಂಖಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಕೆರೆ ನೀರು ಸಿಹಿ, ಹಸುಗಳು ಸಾಧು. ಮೋಡಗಳು ದಣಿದರೆ ಕೋಟೆಯ ಮೇಲೆ ಕೂತು ಸುಧಾರಿಸಿಕೊಂಡು ಮುಂದೆ ಹೋಗುತ್ತಿದ್ದವು. ಅದನ್ನು ಯಾರೂ ವಿಚಿತ್ರ ಅಂದುಕೊಳ್ಳುತ್ತಿರಲಿಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಮಗುವಿಗೆ ಐದು ವರ್ಷ ತುಂಬಿದ ದಿನ ತಾಯಿ ಅದನ್ನು ಎತ್ತಿಕೊಂಡು ಊರಬಾಗಿಲ ಮುಂದೆ ನಿಲ್ಲಬೇಕು. ಬಾಗಿಲ ಮೇಲೆ ಕೂಗಯ್ಯ ನಿಂತು ಶಂಖ ಊದಿ ಮಗುವಿನ ಹೆಸರು ಕೂಗುತ್ತಾನೆ. ಮಗು 'ಓ' ಅನ್ನಬೇಕು. ಮೂರು ಶಂಖ, ಮೂರು ಕೂಗು. ಮೂರಕ್ಕೂ ಓ ಅನ್ನದಿದ್ದರೆ ಕೂಗಯ್ಯ "ಓಗೊಡಲಿಲ್ಲ" ಅಂತ ಸಾರಿ ಬೆನ್ನು ತಿರುಗಿಸುತ್ತಿದ್ದ. ಆಗ ಧೂಮಕರ್ಣನೆಂಬ ಮಾಟಗಾರ ಬಂದು ಮಗುವನ್ನು ಒಯ್ಯುತ್ತಿದ್ದ.

"ಈ ಮಗುವಿನೊಳಗೆ ಯಾರೂ ಇಲ್ಲ. ಇದು ಖಾಲಿ ಮನೆ. ಖಾಲಿ ಮನೆಗೆ ದೆವ್ವ ಹೊಗುತ್ತೆ. ನನ್ನ ಕೋಟೆಯಲ್ಲೇ ಇರಲಿ" ಅಂತ ಅವನು ಈಗಿನ ರಾಜನ ತಾತನ ಕಾಲದಲ್ಲೇ ಎಲ್ಲರನ್ನೂ ನಂಬಿಸಿಬಿಟ್ಟಿದ್ದ. ಒಯ್ದ ಮಗು ಮೊದಲ ಹುಣ್ಣಿಮೆಗೆ ಕಲ್ಲಾಗುತ್ತಿತ್ತು. ಆ ಕಲ್ಲು ಅವನ ಕೋಟೆಯ ಗೋಡೆ ಸೇರುತ್ತಿತ್ತು. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಮಾತೆತ್ತುತ್ತಿರಲಿಲ್ಲ.

ಅದೇ ಊರಲ್ಲಿ ಗಾದ್ರಿ ಅಂತ ಒಬ್ಬ ಹುಡುಗನಿದ್ದ. ಇದ್ದ ಅನ್ನೋದು ತಪ್ಪು, ಆಗಾಗ ಬರುತ್ತಿದ್ದ. ಅವನ ಕಾಲಲ್ಲಿ ಚಕ್ರ. ಹೆಗಲಿಗೆ ಏಕತಾರಿ, ಸೊಂಟಕ್ಕೆ ದಮ್ಮಡಿ ಅನ್ನುವ ಪುಟ್ಟ ಚರ್ಮದ ವಾದ್ಯ, ಇಷ್ಟೇ ಅವನ ಆಸ್ತಿ. ಹಾಡಿದ ಊರಲ್ಲಿ ಉಣ್ಣುತ್ತಿದ್ದ, ಉಂಡ ಊರಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವನು ಎರಡು ವರ್ಷದ ಮೇಲೆ ಅಕ್ಕ ದ್ಯಾಮಕ್ಕನ ಮನೆಗೆ ಬಂದ.

"ಬಂದ್ಯಾ ದೊರೆ? ದಾರಿ ತಪ್ಪಿ ಬಂದ್ಯೋ, ಹಸಿದು ಬಂದ್ಯೋ?" ಅಂದಳು ದ್ಯಾಮಕ್ಕ.

"ಎರಡೂ ಅಕ್ಕ. ನನ್ನ ಸೊಸೆ ಎಲ್ಲಿ? ಮಾಳಿ?"

ದ್ಯಾಮಕ್ಕ ಕೈಲಿದ್ದ ಕೊಡ ಇಳಿಸಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಕೂಗಿದ್ರು ಕಣೋ. ಓ ಅನ್ನಲಿಲ್ಲ. ಒಯ್ದುಬಿಟ್ಟ."

"ಕಿವಿ ಕೇಳಿಸಲ್ವಾ ಅವಳಿಗೆ?"

"ಕೇಳಿಸದೇ ಏನು! ಪಕ್ಕದ ಮನೇಲಿ ಬೆಲ್ಲದ ಗಡಿಗೆ ಮುಚ್ಚಳ ತೆಗೆದ್ರೆ ಇಲ್ಲಿಂದ ಓಡ್ತಾಳೆ. ಮಾತಿಲ್ಲ ಅಷ್ಟೇ. ಮುಖ ನೋಡಲ್ಲ. ತಾನಾಯ್ತು, ತನ್ನ ತೂಗಾಟ ಆಯ್ತು. ಆದ್ರೆ ಮಲಗುವಾಗ ನನ್ನ ಸೆರಗಿನ ತುದಿ ಹಿಡಿದೇ ಮಲಗ್ತಾಳೆ. ಖಾಲಿ ಮನೆ ಸೆರಗು ಹಿಡೀತದೇನೋ ಗಾದ್ರಿ? ನಾಳೆ ಹುಣ್ಣಿಮೆ."

ಗಾದ್ರಿ ಊಟಕ್ಕೂ ಕೂರಲಿಲ್ಲ. ಬಂದ ಕಾಲಲ್ಲೇ ಅರಮನೆಗೆ ಹೋಗಿ, ಮಾಳಿಯನ್ನು ಕೋಟೆಯಿಂದ ಬಿಡಿಸಿ ತರ್ತೀನಿ ಅಂದ. ರಾಜ ಒಳ್ಳೆಯವನು, ಆದರೆ ಅಂಜುಬುರುಕ. "ಹೋಗಪ್ಪಾ, ನಾನು ತಡೆಯೋದಿಲ್ಲ" ಅಂದ. "ಆದರೆ ಮಗು ಓಗೊಟ್ಟಿತೋ ಇಲ್ಲವೋ ಅಂತ ಹೇಳಬೇಕಾದವನು ಕೂಗಯ್ಯ. ಬೇರೆ ಯಾರು ಹೇಳಿದರೂ ನಡೆಯೋದಿಲ್ಲ. ಅವನನ್ನೂ ಕರಕೊಂಡು ಹೋಗು."

ಮುಪ್ಪಿನ ಕೂಗಯ್ಯ ಮಂಡಿ ಹಿಡಿದುಕೊಂಡು ಗೊಣಗುತ್ತಾ ಹೊರಟ. "ಲೇ, ರಾಗ ತಾಳ ಏನಾದ್ರೂ ಕಲಿತಿದ್ದೀಯೋ ಇಲ್ವೋ?"

"ಯಾರಾದ್ರೂ ಕರೆದು ಊಟ ಹಾಕುವಷ್ಟು ಕಲ್ತಿದೀನಿ ಅಜ್ಜಾ."

"ಹಾಗಾದ್ರೆ ಇವತ್ತು ಇಬ್ಬರೂ ಉಪವಾಸ."

ಕೋಟೆಯ ಬಾಗಿಲು ಅವರು ಮುಟ್ಟುವ ಮೊದಲೇ ತೆರೆಯಿತು. ಒಳಗೆ ಧೂಮಕರ್ಣ ಕೂತಿದ್ದ. ಅವನ ಎರಡು ಕಿವಿಯಿಂದಲೂ ಹೊಗೆ ಬರುತ್ತಿತ್ತು.

"ಇಲ್ಲಿ ಮೂರು ಬಾಗಿಲು, ಮೂರು ಮಕ್ಕಳು" ಅಂದ. "ಹೊತ್ತು ಮುಳುಗುವುದರೊಳಗೆ ಮೂವರಿಂದಲೂ ಉತ್ತರ ತರಿಸು. ತರಿಸಿದರೆ ಈ ಕೋಟೆಯ ಮಕ್ಕಳೆಲ್ಲ ನಿನ್ನವರು. ಒಂದು ಬಾಗಿಲಲ್ಲಿ ಸೋತರೂ ನೀನೂ ಒಂದು ಕಲ್ಲು."

"ನಾನು ನಿಂತ ಕಡೆ ನಿಂತವನಲ್ಲ ಸ್ವಾಮಿ, ಕಲ್ಲಾದರೆ ನಿಮ್ಮ ಗೋಡೆಗೇ ನಷ್ಟ" ಅಂದ ಗಾದ್ರಿ.

ಮೊದಲನೇ ಬಾಗಿಲು. ಒಳಗೆ ಆನೆಯಷ್ಟು ದೊಡ್ಡ ತಾಮ್ರದ ಹುಂಜ. ಉಸಿರಿಗೊಂದು ಸಲ ಕೂಗುತ್ತಿತ್ತು. ಮೂಲೆಯಲ್ಲಿ ಭೈರ ಎನ್ನುವ ಹುಡುಗ ಎರಡು ಕೈಯಿಂದಲೂ ಕಿವಿ ಮುಚ್ಚಿ ಮುದುರಿ ಕೂತಿದ್ದ. ಸದ್ದು ಅಂದರೆ ಅವನಿಗೆ ಮೈಗೆ ಮುಳ್ಳು ಚುಚ್ಚಿದ ಹಾಗೆ.

ಹುಂಜವನ್ನು ಸೋಲಿಸಬೇಕು ಅಂತ ಗಾದ್ರಿ ಅದಕ್ಕಿಂತ ಜೋರಾಗಿ ಹಾಡಿದ. ಹುಂಜ ಇನ್ನೂ ಜೋರಾಗಿ ಕೂಗಿತು. ಗಾದ್ರಿ ಇನ್ನೂ ಜೋರು. ಭೈರ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದ.

ಗಾದ್ರಿ ಅವನ ಕಡೆ ತಿರುಗಿ ನೋಡಿದ. 'ಅಯ್ಯೋ, ಈ ಹುಂಜಕ್ಕೂ ನನಗೂ ಏನು ವ್ಯತ್ಯಾಸ?' ಅಂದುಕೊಂಡು ಹಾಡು ನಿಲ್ಲಿಸಿದ. ತಲೆಯ ರುಮಾಲು ಬಿಚ್ಚಿ ಏಕತಾರಿಯ ಬುರುಡೆಗೆ ಸುತ್ತಿದ. ನೆಲದ ಮೇಲೆ ಬೋರಲು ಮಲಗಿ ಇರುವೆಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಒಂದೇ ಸ್ವರ ಮೀಟಿದ. ಮತ್ತೆ ಮೀಟಿದ. ಮತ್ತೆ ಅದನ್ನೇ.

ತನ್ನನ್ನು ಬಿಟ್ಟು ಇನ್ಯಾರಪ್ಪಾ ಇಲ್ಲಿ ಅಂತ ಕೇಳಿಸಿಕೊಳ್ಳೋಕೆ ಹುಂಜ ಕೊಕ್ಕು ಮುಚ್ಚಿತು. ಕೊಕ್ಕು ಮುಚ್ಚಿದ್ದೇ ತಡ, ನೂರು ವರ್ಷದ ನಿದ್ದೆ ಒಟ್ಟಿಗೆ ಬಂತು. ಕೂತಲ್ಲೇ ತೂಕಡಿಸಿ ಅಂಗೈಯಗಲದ ಮರಿಯಾಗಿಬಿಟ್ಟಿತು.

ಆಮೇಲೆ ಭೈರ ಮೊದಲು ಕಿರುಬೆರಳು ತೆಗೆದ. ಆಮೇಲೆ ಉಂಗುರಬೆರಳು. ಆಮೇಲೆ ಇಡೀ ಕೈ. ಏಕತಾರಿಯ ಹತ್ತಿರ ತೆವಳಿ ಬಂದು, ಅದರ ಬುರುಡೆಗೆ ಕೆನ್ನೆ ಒತ್ತಿ, ಅದೇ ಸ್ವರದಲ್ಲಿ 'ಊಂ' ಅಂದ.

"ಅದು ಊಂ. ಓ ಅಲ್ಲ" ಅಂದ ಕೂಗಯ್ಯ.

"ಅಜ್ಜಾ, ಮನೇಲಿ ಅಜ್ಜಿ ಕರೆದರೆ ನೀನೇನಂತೀಯ?"

ಕೂಗಯ್ಯ ಗಡ್ಡ ಕೆರೆದುಕೊಂಡ. "ಊಂ ಅಂತೀನಿ. ನಲವತ್ತು ವರ್ಷದಿಂದ ಅದನ್ನೇ ಅಂತಿದೀನಿ. ಅವಳೂ ಒಪ್ಪಿಕೊಂಡಿದಾಳೆ." ಆಮೇಲೆ "ಆಯ್ತು, ಉತ್ತರವೇ" ಅಂದ.

ಎರಡನೇ ಬಾಗಿಲು. ಒಳಗೆ ಒಂದು ಹೆಬ್ಬಾವು, ಅದರ ಸುರುಳಿಯ ನಡುವೆ ತೊಳಸಿ ಅನ್ನುವ ಹುಡುಗಿ. ಅವಳ ಕೈಕಾಲು ಒಣಕಡ್ಡಿಯ ಹಾಗೆ ಸೆಟೆದಿದ್ದವು. ಎತ್ತು ಅಂದರೆ ಕೈ ಏಳುತ್ತಿತ್ತು, ಆದರೆ ಹೇಳಿದವರು ಮರೆತು ಹೋದ ಮೇಲೆ.

"ಅವಸರ ಮಾಡಿದವರನ್ನು ನಾನು ನುಂಗುತ್ತೇನೆ" ಅಂತು ಹೆಬ್ಬಾವು. "ಇದುವರೆಗೂ ಎಲ್ಲರೂ ಅವಸರದವರೇ ಬಂದರು."

ಗಾದ್ರಿ ದಮ್ಮಡಿ ಬಿಚ್ಚಿ ತೊಳಸಿಯ ತೊಡೆಯ ಮೇಲಿಟ್ಟ. "ನೋಡವ್ವಾ, ಮೂರು ಪೆಟ್ಟು ನಂದು, ಕಡೇ ಪೆಟ್ಟು ನಿಂದು" ಅಂದ. ಧಿಂ, ಧಿಂ, ಧಿಮಿ ಅಂತ ಬಡಿದು ಕೈ ಎತ್ತಿ ಕಾದ.

ಕಾದ. ತೊಳಸಿಯ ಕೈ ಅಲ್ಲಾಡಲಿಲ್ಲ. ಗಾದ್ರಿ ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತೂ ಒಂದು ಕಡೆ ಕೂತವನಲ್ಲ. ಅಂಗಾಲು ಕಡಿಯತೊಡಗಿತು. ಒಂದು ಸಲ ಮೈ ಕದಲಿಸಿದ, ಹೆಬ್ಬಾವು ಒಂದು ಮೊಳ ಮುಂದೆ ಬಂತು. ಆ ಪೆಟ್ಟನ್ನು ತಾನೇ ಬಡಿದು ಮುಗಿಸಿಬಿಡೋಣ ಅಂತ ಕೈ ಮುಂದೆ ಮಾಡಿದ, ಹೆಬ್ಬಾವು ಬಾಯಿ ತೆರೆಯಿತು. ಕೈ ಹಿಂದೆ ತೆಗೆದ. ಬಾಗಿಲ ನೆರಳು ಒಂದು ಚಪ್ಪಡಿಯಿಂದ ಇನ್ನೊಂದು ಚಪ್ಪಡಿಗೆ ಸರಿಯಿತು. ಆಗ ಅವನಿಗೆ ಕಂಡಿತು: ತೊಳಸಿಯ ಹಣೆಯಲ್ಲಿ ಬೆವರು. ಮಗು ಸುಮ್ಮನೆ ಕೂತಿರಲಿಲ್ಲ. ಬೆಟ್ಟ ಹತ್ತುವವರ ಹಾಗೆ ಹತ್ತುತ್ತಾ ಇತ್ತು.

ಆಮೇಲೆ ಗಾದ್ರಿಗೆ ಕಾಯುವುದು ಕಷ್ಟವಾಗಲಿಲ್ಲ.

ತೊಳಸಿಯ ಬೆರಳು ನಡುಗಿತು. ಮುಂಗೈ ಎದ್ದಿತು. ಗಾಳಿಯಲ್ಲಿ ನಿಂತಿತು. ಬಿತ್ತು. ಧಿಂ!

ಎಂಥ ನಗು ನಕ್ಕಳು ಅಂತೀರಿ! ಆ ನಗುವಿಗೆ ಹೆಬ್ಬಾವಿನ ಸುರುಳಿ ಸಡಿಲಾಯಿತು. "ಇನ್ನೊಂದು ಸಲ" ಅಂತು ಹೆಬ್ಬಾವು, ನಾಚಿಕೊಂಡು. "ಈ ಸಲ ನನಗೂ ಒಂದು ಪೆಟ್ಟು ಬಿಡು." ಎರಡನೇ ಸಲ ತೊಳಸಿಯ ಕೈ ಅರ್ಧ ಹೊತ್ತಿಗೇ ಬಿತ್ತು. ಹೆಬ್ಬಾವಿನ ಬಾಲ ತಾಳ ತಪ್ಪಿತು.

ಕೂಗಯ್ಯನನ್ನು ಈ ಸಲ ಯಾರೂ ಕೇಳಲಿಲ್ಲ. ಅವನೇ ಕಣ್ಣೊರೆಸಿಕೊಂಡು "ಉತ್ತರ, ಉತ್ತರ" ಅಂದ.

ಮೂರನೇ ಬಾಗಿಲಿಗೆ ಬರುವಾಗ ಸೂರ್ಯ ಮುಳುಗಲು ಎರಡು ಮಾರು ಬಾಕಿ. ಒಳಗೆ ಒಂದು ಕಲ್ಲಿನ ಯಾಳಿ. ಆನೆಯ ಸೊಂಡಿಲು, ಸಿಂಹದ ಮೈ. ಅದರ ಮುಂದೆ ಮಾಳಿ ನೆಲದ ಮೇಲೆ ಕೂತು ಹಿಂದೆ ಮುಂದೆ ತೂಗುತ್ತಿದ್ದಳು.

"ಉತ್ತರವಿಲ್ಲದ ಕೂಗಿಗೊಂದು ಹೆಜ್ಜೆ ಇಡುತ್ತೆ ಇದು" ಅಂದ ಹಿಂದೆಯೇ ಬಂದ ಧೂಮಕರ್ಣ. "ಮೂರನೇ ಹೆಜ್ಜೆ ನಿನ್ನ ಮೇಲೆ, ಈ ಮಗುವಿನ ಮೇಲೆ."

ಗಾದ್ರಿ ಅವಳೆದುರು ಮಂಡಿಯೂರಿ, "ಮಾಳೀ! ನೋಡು, ಮಾವ ಬಂದೀನಿ!" ಅಂದ. ಮಾಳಿ ಮುಖ ತಿರುಗಿಸಿದಳು. ಯಾಳಿ ಒಂದು ಹೆಜ್ಜೆ ಇಟ್ಟಿತು. ನೆಲ ಅದುರಿತು.

ಏಳು ರಾಜ್ಯದಲ್ಲಿ ಜನರನ್ನು ಅಳಿಸಿದ ಜೋಗುಳ ಒಂದಿತ್ತು ಅವನ ಹತ್ತಿರ. ಅದರಲ್ಲಿ ಅವಳ ಹೆಸರು ಸೇರಿಸಿ ಹಾಡಿದ. ಹೊರಗೆ ಕೋಟೆಯ ಕಾಗೆಗಳು ಅತ್ತವು, ಕೂಗಯ್ಯ ಅತ್ತ. ಮಾಳಿ ತೂಗುತ್ತಲೇ ಇದ್ದಳು. ಯಾಳಿ ಎರಡನೇ ಹೆಜ್ಜೆ ಇಟ್ಟಿತು. ಅದರ ನೆರಳು ಇಬ್ಬರ ಮೇಲೂ ಬಿತ್ತು.

ಗಾದ್ರಿ ಹಾಡು ನಿಲ್ಲಿಸಿದ. ಐದು ವರ್ಷದಲ್ಲಿ ಈ ಮಗುವನ್ನು ತಾನು ನೋಡಿದ್ದು ಎರಡು ಸಲ. ಮೊದಲ ಸಲ ಅವಳು ತೊಟ್ಟಿಲಲ್ಲಿದ್ದಳು, ಎರಡನೇ ಸಲ ತಾನು ಅವಸರದಲ್ಲಿದ್ದ. ಅವಳಿಗೆ ಏನು ಇಷ್ಟ ಅಂತಲೂ ಗೊತ್ತಿಲ್ಲ. ಗೊತ್ತಿಲ್ಲದವರ ಮುಂದೆ ತನಗೆ ಗೊತ್ತಿದ್ದನ್ನೆಲ್ಲ ಸುರಿಯುತ್ತಿದ್ದಾನೆ.

ಮೂರನೇ ಸಲ ಅವನು ಕೂಗಲಿಲ್ಲ. ಎದ್ದು ಹೋಗಿ ಅವಳ ಪಕ್ಕ ಕೂತ, ಅವಳು ನೋಡುತ್ತಿದ್ದ ಕಡೆಗೇ ಮುಖ ಮಾಡಿ. ಅವಳ ಜೊತೆ ತೂಗಿದ. ಕಣ್ಣು ಮುಚ್ಚಿ ಕಿವಿಗೊಟ್ಟ. ಆಗ ಕೇಳಿಸಿತು. ಮಾಳಿಯ ಉಗುರು ನೆಲದ ಮೇಲೆ ಸಣ್ಣಗೆ ಬಡಿಯುತ್ತಿತ್ತು. ಟಕ್. ಟಕಟಕ್. ಟಕ್.

ಗಾದ್ರಿ ದಮ್ಮಡಿಯ ಅಂಚಿನ ಮೇಲೆ ಉಗುರಿಂದ ಅದನ್ನೇ ಬಡಿದ. ಟಕ್. ಟಕಟಕ್. ಟಕ್.

ಮಾಳಿಯ ತೂಗಾಟ ನಿಂತಿತು.

ಅವಳು ಇನ್ನೊಂದು ಥರ ಬಡಿದಳು, ಬೇಕಂತಲೇ ಕಷ್ಟದ್ದು. ಗಾದ್ರಿ ಹಾಗೇ ಬಡಿದ. ಅವಳ ಬೆರಳು ಓಡಿತು, ಇವನದೂ ಓಡಿತು. ಅವಳು ತಟ್ಟನೆ ನಿಲ್ಲಿಸಿದಳು, ಇವನು ಮುಗ್ಗರಿಸಿ ಒಂದು ಪೆಟ್ಟು ಹೆಚ್ಚು ಬಡಿದುಬಿಟ್ಟ. ಮಾಳಿ ಅವನ ಬೆರಳು ಹಿಡಿದು ದಮ್ಮಡಿಯಿಂದ ಎತ್ತಿ ಪಕ್ಕಕ್ಕಿಟ್ಟಳು, ಗುರು ಶಿಷ್ಯನ ಕೈ ತಿದ್ದುವ ಹಾಗೆ.

ಸೂರ್ಯನ ಅಂಚು ಬೆಟ್ಟಕ್ಕೆ ತಾಗಿತು. ಗಾದ್ರಿ ಉಸಿರಿನಷ್ಟು ಮೆಲ್ಲಗೆ, ಅವಳದೇ ತಾಳದಲ್ಲಿ ಅವಳನ್ನು ಕರೆದ. "ಮಾಳಿ. ಮಾಳಿಮಾಳಿ. ಮಾಳಿ."

ಯಾಳಿ ಕಾಲೆತ್ತಿತು.

ಮಾಳಿ ಅವನ ಮುಖ ನೋಡಲಿಲ್ಲ. ಕೈ ಚಾಚಿ ಅವನ ಮಂಡಿಯ ಮೇಲೆ ಬಡಿದಳು. ಟಕ್. ಟಕಟಕ್. ಟಕ್.

"ಓ ಎಲ್ಲಿ?" ಧೂಮಕರ್ಣ ಅಬ್ಬರಿಸಿದ. "ಇದು ಬೆರಳಾಟ! ಲೇ ಕೂಗಯ್ಯ, ಓಗೊಡಲಿಲ್ಲ ಅನ್ನು!"

ಯಾಳಿಯ ಕಾಲು ಗಾಳಿಯಲ್ಲೇ ನಿಂತಿತ್ತು. ಕೂಗಯ್ಯ ಮಾಳಿಯ ಬೆರಳನ್ನೇ ನೋಡಿದ.

"ಅವತ್ತೂ ಇದನ್ನೇ ಬಡಿದಳು" ಅಂದ. "ಊರಬಾಗಿಲಲ್ಲಿ. ತಾಯಿಯ ಬಳೆಗಳ ಮೇಲೆ. ನಾನು ಮೇಲಿಂದ ನೋಡಿದೆ. ಮಗು ಬಳೆ ಜೊತೆ ಆಡ್ತಿದೆ ಅಂದುಕೊಂಡು ಎರಡನೇ ಶಂಖ ಊದಿದೆ. ಊದೋ ಭರದಲ್ಲಿ ನನ್ನ ಕಿವಿಗೆ ನನ್ನ ಶಂಖ ಬಿಟ್ಟು ಬೇರೇನೂ ಕೇಳಿಸ್ತಿರಲಿಲ್ಲ. ಮೂವತ್ತು ವರ್ಷ ಹಂಗೇ ಊದಿದೀನಿ. ಎಷ್ಟೋ ಮಕ್ಕಳು ಕಾಲು ಝಾಡಿಸಿದವು, ನಕ್ಕವು, ಕಣ್ಣು ಪಿಳುಕಿಸಿದವು. ಎಲ್ಲಾ ನೋಡಿದೀನಿ. ನೋಡಿ ಬೆನ್ನು ತಿರುಗಿಸಿದೀನಿ."

ಆಮೇಲೆ ಆ ಮುದುಕ ಎದೆಯುಬ್ಬಿಸಿ, ಶಂಖವಿಲ್ಲದೆ, ಬರೀ ಗಂಟಲಲ್ಲಿ ಕೂಗಿದ:

"ಮಾಳಿ ಓಗೊಟ್ಟಿದ್ದಾಳೆ! ಅವತ್ತೂ ಓಗೊಟ್ಟಿದ್ದಳು! ಎಲ್ಲಾ ಮಕ್ಕಳೂ ಓಗೊಟ್ಟಿದ್ದವು! ಕೇಳಿಸಿಕೊಳ್ಳದವನು ನಾನು!"

ಮಾಟ ಇದ್ದದ್ದು ಧೂಮಕರ್ಣನ ಕೈಯಲ್ಲಲ್ಲ, 'ಓಗೊಡಲಿಲ್ಲ' ಅನ್ನುವ ಆ ಮಾತಿನಲ್ಲಿ. ಮಾತು ಹಿಂದಕ್ಕೆ ಬಂದದ್ದೇ ತಡ, ಯಾಳಿ ಮರಳಾಗಿ ಉದುರಿತು. ಗೋಡೆಯ ಕಲ್ಲು ಒಂದೊಂದೂ ಆಕಳಿಸಿ, ಮೈಮುರಿದು, ಮಗುವಾಗಿ ಕೆಳಗಿಳಿಯಿತು. ಧೂಮಕರ್ಣ ಪೂರ್ತಿ ಹೊಗೆಯಾಗಿ ಹಾರಿಹೋದ. ಹಸಿ ಸೌದೆ ಒಲೆಗಿಟ್ಟಾಗ ಇವತ್ತಿಗೂ ಕಣ್ಣುರಿಸುತ್ತಾನಲ್ಲ, ಅವನೇ.

ಊರಿಗೆ ಊರೇ ಓಡಿ ಬಂತು. ಕೆಲವು ತಾಯಂದಿರಿಗೆ ತಲೆ ನೆರೆತಿತ್ತು, ಮಕ್ಕಳು ಇನ್ನೂ ಐದು ವರ್ಷದವರೇ. ಯಾರೂ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ, ಎತ್ತಿಕೊಳ್ಳೋದು ಬಿಟ್ಟಿದ್ದ ಸೊಂಟಗಳು ಮತ್ತೆ ಎತ್ತಿಕೊಂಡವು. ಅಂಜುಬುರುಕ ರಾಜ ಮೊದಲ ಸಲ ಗಟ್ಟಿಯಾಗಿ ಮಾತಾಡಿದ: "ಇನ್ನು ಮೇಲೆ ಕೂಗುವವನು ಬಾಗಿಲ ಮೇಲಿಂದ ಇಳಿದು ಬರಬೇಕು. ಮಗುವಿನ ಪಕ್ಕ ನೆಲದ ಮೇಲೆ ಕೂರಬೇಕು. ಅದು ಹೇಗೆ ಓಗೊಡುತ್ತೆ ಅಂತ ಮೊದಲು ಕಲಿಯಬೇಕು. ಆಮೇಲೆ ಕರೆಯಬೇಕು."

ಗಾದ್ರಿಗೆ ರಾಜ ಅರಮನೆಯಲ್ಲೇ ಒಂದು ಮನೆ ಕೊಡುತ್ತೇನೆಂದ. "ಕೊಟ್ಟರೆ ಬಾಡಿಗೆಗೆ ಬಿಡ್ತಾನೆ ಬುದ್ಧೀ, ಇವನೆಲ್ಲಿ ಇರ್ತಾನೆ" ಅಂದಳು ದ್ಯಾಮಕ್ಕ. ಅವಳ ಮಾತೇ ನಿಜವಾಯಿತು. ಗಾದ್ರಿ ಊರೂರು ತಿರುಗುವುದನ್ನು ಬಿಡಲಿಲ್ಲ. ಆದರೆ ಈಗ ಪ್ರತಿ ಊರಲ್ಲೂ ಅವನಿಗಾಗಿ ಕಾಯುವ ಒಂದೆರಡು ಮಕ್ಕಳಿರುತ್ತಿದ್ದವು. ಅಲ್ಲಿ ಅವನು ಮಧ್ಯಾಹ್ನವಿಡೀ ಕೂತು ಒಂದೇ ಒಂದು ಪೆಟ್ಟಿಗಾಗಿ ಕಾಯುತ್ತಿದ್ದ. ತೊಳಸಿ ಹೆಬ್ಬಾವಿನ ಬೆನ್ನೇರಿ ಅವನ ಜೊತೆ ಹೋಗುತ್ತಿದ್ದಳು. ಭೈರ ಮೆತ್ತನೆಯ ಏಕತಾರಿ ಮಾಡುವುದನ್ನು ಕಲಿತ.

ಮಾಳಿಗೆ ಮಾತು ಬರಲಿಲ್ಲ. ಬರಬೇಕು ಅಂತ ದ್ಯಾಮಕ್ಕನೂ ಕೂತು ಕಾಯಲಿಲ್ಲ. ಹಸಿವಾದರೆ ಮಾಳಿ ಹಿತ್ತಾಳೆ ತಟ್ಟೆ ಬಡಿಯುತ್ತಿದ್ದಳು, ಅಮ್ಮನ ಮೇಲೆ ಪ್ರೀತಿ ಬಂದರೆ ಬೆನ್ನು. ದ್ಯಾಮಕ್ಕ ರೊಟ್ಟಿ ತಟ್ಟುತ್ತಾ ಅದೇ ತಾಳದಲ್ಲಿ ಉತ್ತರ ಕೊಡುತ್ತಿದ್ದಳು. ಪಕ್ಕದ ಮನೆಯವರು, "ಅದೇನು ದ್ಯಾಮಕ್ಕ, ತಾಯಿ ಮಗಳು ಹೊತ್ತು ಮೂಡಿದಾಗಿನಿಂದ ಹರಟೆ ಹೊಡೀತೀರಿ, ನಮಗೂ ಸ್ವಲ್ಪ ಹೇಳಬಾರದಾ?" ಅಂತ ಹೊಟ್ಟೆಕಿಚ್ಚು ಪಡುತ್ತಿದ್ದರು.

ಹೀಗೆ ಶಂಖಾವತಿಯಲ್ಲಿ ಎಲ್ಲರ ಮನೆಯಲ್ಲೂ ಮಕ್ಕಳು, ಎಲ್ಲರ ಒಲೆಯ ಮೇಲೂ ಅನ್ನ. ಅವರು ತಮ್ಮ ತಮ್ಮ ತಾಳದಲ್ಲಿ ಸುಖವಾಗಿದ್ದರು. ನಾವೂ ನಮ್ಮ ನಮ್ಮ ತಾಳದಲ್ಲಿ ಹಾಗೇ ಇರೋಣ.